ಎರಡೂ ಕೈ, ಎರಡೂ ಕಾಲು ಸ್ವಾಧೀನ ತಪ್ಪಿದವರು ಮನೆಗೆ ಬಂದ ಮೇಲೆ: ದಿನಚರಿ ಕಟ್ಟಿಕೊಳ್ಳುವುದು ಹೇಗೆ?

ಅಡಿಕೆ ಮರದಿಂದ ಬಿದ್ದವರು, ಬೈಕ್ ಅಪಘಾತಕ್ಕೆ ಸಿಕ್ಕವರು, ಆಳವಿಲ್ಲದ ಕೆರೆಗೆ ತಲೆಕೆಳಗಾಗಿ ಧುಮುಕಿದವರು. ಹೀಗೆ ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟು ಬಿದ್ದವರ ಮನೆಯವರು, ನಾನು ಫಿಸಿಯೋಥೆರಪಿ ಮಾಡಿಸಲು ಹೋದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಆಪರೇಷನ್ ಆಯಿತು, ಡಿಸ್ಚಾರ್ಜ್ ಮಾಡಿದರು. ಇನ್ನು ಮನೆಯಲ್ಲಿ ನಾವೇನು ಮಾಡಬೇಕು?" ಎರಡೂ ಕೈ, ಎರಡೂ ಕಾಲುಗಳ ಸ್ವಾಧೀನ ತಪ್ಪುವುದಕ್ಕೆ ವೈದ್ಯರು ಕ್ವಾಡ್ರಿಪ್ಲೀಜಿಯಾ ಅಥವಾ ಟೆಟ್ರಾಪ್ಲೀಜಿಯಾ ಎನ್ನುತ್ತಾರೆ. ಮನೆಗೆ ಬಂದ ನಂತರ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಆ ಪೆಟ್ಟಲ್ಲ. ಚರ್ಮದ ಹುಣ್ಣು, ಮೂತ್ರದ ಸೋಂಕು, ಕಫ ಕಟ್ಟುವುದು, ಏಕಾಏಕಿ ಏರುವ ರಕ್ತದೊತ್ತಡ ಇವು ಅಪಾಯಕಾರಿ. ಇವುಗಳಲ್ಲಿ ಬಹುಪಾಲನ್ನು ಮನೆಯಲ್ಲಿಯೇ ತಡೆಯಬಹುದು.

ಶುರುವಿಗೆ ಮುನ್ನ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮೈ ಅಲುಗಾಡದಿದ್ದರೂ ದಿನವನ್ನು ನಡೆಸುವವರು ಅವರೇ ಆಗಬೇಕು. ಕೆಳಗಿನ ಪ್ರತಿ ಹಂತವನ್ನೂ ಅವರ ಮುಂದೆಯೇ ಓದಿ. ಯಾವಾಗ ಮಗ್ಗುಲು ಬದಲಿಸಬೇಕು, ಮೂತ್ರದ ಟ್ಯೂಬ್ ಎಲ್ಲಿ ಮಡಚಿರಬಹುದು, ಎತ್ತುವಾಗ ಎಲ್ಲಿ ಹಿಡಿಯಬೇಕು ಎಂದು ಬಾಯಲ್ಲಿ ಹೇಳಿ ಮಾಡಿಸಿಕೊಳ್ಳುವುದನ್ನು ಅವರು ಕಲಿತರೆ, ನೋಡಿಕೊಳ್ಳುವವರು ಬದಲಾದರೂ ಆರೈಕೆ ಕೆಡುವುದಿಲ್ಲ.

ಹಂತ 1: ಪೆಟ್ಟು ಯಾವ ಮಟ್ಟದಲ್ಲಿದೆ ಎಂದು ತಿಳಿಯಿರಿ

ಡಿಸ್ಚಾರ್ಜ್ ಚೀಟಿಯಲ್ಲಿ ಸಿ4, ಸಿ5, ಸಿ6 ಎಂದೇನೋ ಬರೆದಿರುತ್ತದೆ. ಸಿ ಎಂದರೆ ಕುತ್ತಿಗೆಯ ಭಾಗ, ಅಂಕಿ ಮೇಲಿನಿಂದ ಕೆಳಕ್ಕೆ ಎಣಿಸಿದ್ದು. ಅದು ಮುರಿದ ಮೂಳೆಯ ಸಂಖ್ಯೆಯೂ ಆಗಿರಬಹುದು, ಕೆಲಸ ಮಾಡುತ್ತಿರುವ ನರದ ಮಟ್ಟವೂ ಆಗಿರಬಹುದು. ನಿಮಗೆ ಬೇಕಾದದ್ದು ನರದ ಮಟ್ಟ, ಅದನ್ನೇ ವೈದ್ಯರಲ್ಲಿ ಕೇಳಿ. ಗಾಯ ಪೂರ್ಣವೋ ಅಪೂರ್ಣವೋ ಎಂಬುದನ್ನೂ ಕೇಳಿ. ಅದನ್ನು ಎ ಇಂದ ಇ ವರೆಗಿನ ಶ್ರೇಣಿಯಲ್ಲಿ ಹೇಳುತ್ತಾರೆ. ಎ ಎಂದರೆ ಗಾಯದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ ಎಂದು ಅರ್ಥ.

ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ನರ ಹೋಗುವುದು ಸಿ3ರಿಂದ ಸಿ5ರ ನಡುವೆ. ಆದ್ದರಿಂದ ಅದಕ್ಕಿಂತ ಮೇಲಿನ ಗಾಯದವರಿಗೆ ಉಸಿರಾಟದ ಯಂತ್ರ ಬೇಕಾಗಬಹುದು. ಸಿ5 ಉಳಿದಿದ್ದರೆ ಮೊಣಕೈ ಮಡಚಲು ಬರುತ್ತದೆ, ಸಿ6 ಉಳಿದಿದ್ದರೆ ಮಣಿಕಟ್ಟನ್ನು ಮೇಲಕ್ಕೆತ್ತಲು ಬರುತ್ತದೆ, ಸಿ7 ಉಳಿದಿದ್ದರೆ ಮೊಣಕೈ ನೇರ ಮಾಡಲು ಬರುತ್ತದೆ. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ಬದುಕಿನಲ್ಲಿ ಮಾತ್ರ ಇನ್ನೊಬ್ಬರು ಉಣಿಸುವುದಕ್ಕೂ ತಾನೇ ಉಣ್ಣುವುದಕ್ಕೂ ಇರುವಷ್ಟು ಅಂತರ.

ಹಂತ 2: ಕೋಣೆ ಸಿದ್ಧಪಡಿಸಿ

ಮನೆಯ ಹಿಂಬದಿಯ ಕತ್ತಲೆ ಕೋಣೆ ಬೇಡ. ಜನ ಓಡಾಡುವ, ಗಾಳಿ ಬೆಳಕು ಬರುವ, ನೆಲಮಹಡಿಯ ಕೋಣೆ ಕೊಡಿ. ಮಂಚದ ಎತ್ತರ ಗಾಲಿಕುರ್ಚಿಯ ಆಸನದ ಎತ್ತರಕ್ಕೆ ಸಮನಾಗಿದ್ದರೆ ಸ್ಥಳಾಂತರಿಸುವುದು ಸುಲಭ. ಗೋಡೆಗೆ ಒತ್ತಿ ಇಡಬೇಡಿ, ಎರಡೂ ಕಡೆ ನಿಲ್ಲಲು ಜಾಗ ಬೇಕು.

ಬಾಗಿಲು ಕನಿಷ್ಠ 80 ಸೆಂಟಿಮೀಟರ್ ತೆರಪಿರಲಿ. ಮೆಟ್ಟಿಲಿಗೆ ಇಳಿಜಾರು ಹಾಕಿಸುವಾಗ ಒಂದಕ್ಕೆ ಹನ್ನೆರಡು ಎಂಬ ಲೆಕ್ಕ ಹಿಡಿಯಿರಿ: ಅರ್ಧ ಅಡಿ ಎತ್ತರದ ಮೆಟ್ಟಿಲಿಗೆ ಆರಡಿ ಉದ್ದದ ಇಳಿಜಾರು. ಜಾಗ ಇಲ್ಲವೆಂದು ಕಡಿದಾಗಿ ಕಟ್ಟಿಸಿದರೆ ಇಳಿಯುವಾಗ ಕುರ್ಚಿ ಮುಗ್ಗರಿಸುತ್ತದೆ. ಹೊಸ್ತಿಲು ಕಡಿಯಲು ಮನೆಯವರ ಮನಸ್ಸು ಒಪ್ಪುವುದಿಲ್ಲ, ಅದು ನನಗೆ ಗೊತ್ತು. ಕಡಿಯಬೇಕಾಗಿಯೂ ಇಲ್ಲ. ಹೊಸ್ತಿಲಿನ ಎರಡೂ ಬದಿಗೆ ಮರದ ಇಳಿಜಾರು ತುಂಡು ಜೋಡಿಸಿದರೆ ಸಾಕು. ನೆಲಮಟ್ಟದ ಶೌಚಾಲಯವಿದ್ದರೆ, ನಡುವೆ ರಂಧ್ರವಿರುವ ಗಾಲಿಯ ಕಮೋಡ್ ಕುರ್ಚಿಯನ್ನು ಬೇಸಿನ್ ಮೇಲೆ ತಳ್ಳಿ ನಿಲ್ಲಿಸಬಹುದು. ಅದರ ಆಸನಕ್ಕೆ ಮೆತ್ತೆ ಇರಲೇಬೇಕು.

ಗಾಲಿಕುರ್ಚಿಗಿಂತ ಅದರ ಮೇಲಿನ ದಿಂಬು ಮುಖ್ಯ. ಆಸ್ಪತ್ರೆಯಲ್ಲಿ ಕಾಣುವ, ಆಸನದ ಬಟ್ಟೆ ಜೋತುಬಿದ್ದ ಕುರ್ಚಿ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಕರೆದೊಯ್ಯಲು ಮಾಡಿದ್ದು, ಅದರಲ್ಲಿ ದಿನವಿಡೀ ಕೂರಿಸಬಾರದು. ಸೊಂಟದ ಅಗಲ, ತೊಡೆಯ ಉದ್ದ ಅಳೆಯದೆ ಕುರ್ಚಿ ಕೊಳ್ಳಬೇಡಿ.

ಹಂತ 3: ಚರ್ಮವನ್ನು ಕಾಯಿರಿ

ನಾವು ನಿದ್ದೆಯಲ್ಲಿಯೂ ಮಗ್ಗುಲು ಬದಲಿಸುತ್ತೇವೆ, ಒತ್ತಿದ ಕಡೆ ನೋವಾಗುವುದರಿಂದ. ಅವರಿಗೆ ಆ ನೋವು ತಿಳಿಯುವುದಿಲ್ಲ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಕೆಲವು ಗಂಟೆಗಳಲ್ಲಿ ಆದ ಹುಣ್ಣು ವಾಸಿಯಾಗಲು ತಿಂಗಳುಗಳು ಬೇಕು. ಆ ತಿಂಗಳುಗಳನ್ನೆಲ್ಲ ಅವರು ಮಗುಚಿ ಮಲಗಿಯೇ ಕಳೆಯಬೇಕಾಗುತ್ತದೆ.

ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ: ಎಡ, ಅಂಗಾತ, ಬಲ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಸೊಂಟದ ಉಬ್ಬು ಮೂಳೆಯ ಮೇಲೆ ಭಾರ ಬೀಳುತ್ತದೆ, ಬೆನ್ನ ಹಿಂದೆ ದಿಂಬು ಕೊಟ್ಟು ಓರೆಯಾಗಿ ಮಲಗಿಸುವುದು ಒಳ್ಳೆಯದು. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ಇರಬೇಕು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಗೋಡೆಯ ಮೇಲೆ ಸಮಯ ಬರೆದ ಹಾಳೆ ಅಂಟಿಸಿ. ಚರ್ಮ ಗಟ್ಟಿಯಾಗಿದೆ ಎಂದು ಖಚಿತವಾದ ಮೇಲೆ ರಾತ್ರಿಯ ಅಂತರವನ್ನು ವೈದ್ಯರ ಸಲಹೆಯಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬಹುದು. ಕುರ್ಚಿಯಲ್ಲಿ ಕೂತಾಗ ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಅವರನ್ನು ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿಸಿ ಎರಡು ನಿಮಿಷ ಹಿಡಿಯಿರಿ. ಒಂದು ಕ್ಷಣ ಎತ್ತಿ ಇಳಿಸಿದರೆ ಸಾಲದು, ರಕ್ತ ಮರಳಿ ಹರಿಯಲು ಅಷ್ಟು ಸಮಯ ಬೇಕು.

ಬೆಳಿಗ್ಗೆ ಮತ್ತು ರಾತ್ರಿ ಮೈ ಪೂರ್ತಿ ನೋಡಿ: ತಲೆಯ ಹಿಂಭಾಗ, ಭುಜದ ಮೂಳೆ, ಮೊಣಕೈ, ಬೆನ್ನಿನ ಕೆಳತುದಿ, ಕೂರುವ ಮೂಳೆಗಳು, ಸೊಂಟದ ಪಕ್ಕ, ಪಾದದ ಗಂಟು, ಹಿಮ್ಮಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಆ ಕಡೆ ಭಾರ ಬೀಳದಂತೆ ಮಲಗಿಸಿ, ಅರ್ಧ ಗಂಟೆಯಲ್ಲಿ ಕೆಂಪು ಮಾಯವಾಗಬೇಕು. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಸುತ್ತಲಿನ ಚರ್ಮಕ್ಕಿಂತ ಇನ್ನೂ ಕಪ್ಪಾಗಿ, ಬಿಸಿಯಾಗಿ ಅಥವಾ ಗಟ್ಟಿಯಾಗಿ ಇದೆಯೇ ಎಂದು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಅದು ಸಂಪೂರ್ಣ ಮಾಮೂಲಿಗೆ ಬರುವವರೆಗೂ ಆ ಭಾಗದ ಮೇಲೆ ಕೂರಿಸುವಂತಿಲ್ಲ, ಮಲಗಿಸುವಂತಿಲ್ಲ.

ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪುಗಳು ಹಲವು:

• ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು. ಒಳಗೆ ಆಗಲೇ ಜಖಂ ಆಗಿರುವ ಅಂಗಾಂಶ ಇನ್ನಷ್ಟು ಹರಿಯುತ್ತದೆ.
• ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬಳೆಯಾಕಾರದ ಗಾಳಿದಿಂಬು ಇಡುವುದು. ಅದರ ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತವೇ ಹೋಗದಂತೆ ಮಾಡುತ್ತದೆ.
• ಏರ್ ಬೆಡ್ ಇದೆಯಲ್ಲ ಎಂದು ಮಗ್ಗುಲು ಬದಲಿಸುವುದನ್ನು ಬಿಡುವುದು. ಅದು ಸಹಾಯವಷ್ಟೇ. ಕರೆಂಟ್ ಹೋದಾಗ ಗಾಳಿ ಇಳಿದು ಅವರು ಗಟ್ಟಿ ಹಲಗೆಯ ಮೇಲೆ ಮಲಗಿದಂತಾಗುತ್ತದೆ. ಪಂಪನ್ನು ಯುಪಿಎಸ್‌ಗೆ ಜೋಡಿಸಿ.
• ಮಂಚದ ತಲೆಭಾಗವನ್ನು ತುಂಬಾ ಹೊತ್ತು ಎತ್ತಿಡುವುದು. ಮೈ ಕೆಳಗೆ ಜಾರುತ್ತದೆ, ಚರ್ಮ ಮಾತ್ರ ಬಟ್ಟೆಗೆ ಅಂಟಿಕೊಂಡು ಎಳೆಯುತ್ತದೆ.
• ಹಿಂದಿನ ಜೇಬು, ಲೋಹದ ಗುಂಡಿ, ದಪ್ಪ ಹೊಲಿಗೆಯ ಪ್ಯಾಂಟ್ ತೊಡಿಸುವುದು. ಹಾಸಿಗೆಯ ಮೇಲಿನ ಒಂದು ಸುಕ್ಕು ಕೂಡ ಸಾಕು ಹುಣ್ಣಾಗಲು.

ಬಿಸಿಯ ವಿಷಯವೂ ಇದೇ. ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಯಾವುದನ್ನೂ ಸ್ಪರ್ಶವಿಲ್ಲದ ಭಾಗಕ್ಕೆ ಇಡಬೇಡಿ. ತೊಡೆಯ ಮೇಲೆ ಕಾಫಿ ಲೋಟ ಇಡಬೇಡಿ. ಸ್ನಾನದ ನೀರನ್ನು ನಿಮ್ಮ ಮೊಣಕೈ ಅದ್ದಿ ನೋಡಿಯೇ ಸುರಿಯಿರಿ.

ಹಂತ 4: ಮೂತ್ರ

ಸಾಧ್ಯವಿದ್ದವರಿಗೆ ಒಳ್ಳೆಯ ವಿಧಾನ ಎಂದರೆ ಆಗಾಗ ತೆಳುವಾದ ಕ್ಯಾಥೆಟರ್, ಅಂದರೆ ಮೂತ್ರಕೋಶದವರೆಗೆ ಹೋಗುವ ಟ್ಯೂಬ್, ಹಾಕಿ, ಮೂತ್ರ ಖಾಲಿ ಮಾಡಿ, ತೆಗೆದುಬಿಡುವುದು. 4ರಿಂದ 6 ಗಂಟೆಗೊಮ್ಮೆ ಮಾಡಬೇಕು, ಒಂದು ಸಲಕ್ಕೆ 500 ಮಿಲಿಲೀಟರ್ ಮೀರಬಾರದು. ಮೀರುತ್ತಿದ್ದರೆ ಅಂತರ ಕಡಿಮೆ ಮಾಡಿ ಅಥವಾ ನೀರು ಕುಡಿಯುವುದನ್ನು ದಿನವಿಡೀ ಸಮವಾಗಿ ಹಂಚಿ. ಕೈಬೆರಳು ಆಡದವರಿಗೆ ಇದನ್ನು ಇನ್ನೊಬ್ಬರು ಮಾಡಬೇಕಾದ್ದರಿಂದ ಹಲವು ಮನೆಗಳಲ್ಲಿ ಒಳಗೇ ಉಳಿಯುವ ಫೋಲಿ ಕ್ಯಾಥೆಟರ್ ಇರುತ್ತದೆ. ಲೇಟೆಕ್ಸ್‌ನದಾದರೆ 3–4 ವಾರಕ್ಕೊಮ್ಮೆ, ಪೂರ್ತಿ ಸಿಲಿಕೋನಿನದಾದರೆ ಹೆಚ್ಚೆಂದರೆ 12 ವಾರಕ್ಕೆ ಬದಲಾಯಿಸಬೇಕು.

ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಅವರನ್ನು ಎತ್ತುವಾಗ ಚೀಲವನ್ನು ಹೊಟ್ಟೆಯ ಮೇಲಿಡುವುದು ಬಹಳ ಕಡೆ ಕಾಣುವ ತಪ್ಪು, ಹಳೆಯ ಮೂತ್ರ ಹಿಂದಕ್ಕೆ ಹರಿಯುತ್ತದೆ. ಮಗ್ಗುಲು ಬದಲಿಸಿದಾಗಲೆಲ್ಲ ಟ್ಯೂಬ್ ತೊಡೆಯ ಕೆಳಗೆ ಸಿಕ್ಕಿದೆಯೇ ಎಂದು ಕೈಯಾಡಿಸಿ ನೋಡಿ.

ಮೂತ್ರ ಸ್ವಲ್ಪ ಮಸುಕಾಗಿದೆ ಎಂದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ತಂದು ನುಂಗಿಸಬೇಡಿ. ಕ್ಯಾಥೆಟರ್ ಇರುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಜ್ವರ, ಚಳಿ, ಕಾಲು ಸೆಟೆಯುವುದು ಹಠಾತ್ತನೆ ಹೆಚ್ಚಾಗುವುದು, ವಿಪರೀತ ಸುಸ್ತು ಇದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಹಂತ 5: ಮಲವಿಸರ್ಜನೆ

ಇದರ ಬಗ್ಗೆ ಕೇಳಲು ಎಲ್ಲರಿಗೂ ಸಂಕೋಚ. ಆದರೆ ಇದು ಹೊಂದಿಕೊಂಡರೆ ಮಾತ್ರ ಮನೆಯಿಂದ ಹೊರಗೆ ಹೋಗುವ ಧೈರ್ಯ ಬರುತ್ತದೆ. ದಿನವೂ ಅಥವಾ ದಿನ ಬಿಟ್ಟು ದಿನ, ಒಂದೇ ಹೊತ್ತಿಗೆ ಮಾಡಿಸಿ. ತಿಂಡಿ ಅಥವಾ ಊಟವಾದ 20–30 ನಿಮಿಷಕ್ಕೆ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತು ಬಳಸಿಕೊಳ್ಳಿ. ಎಡಮಗ್ಗುಲಿಗೆ ಮಲಗಿಸಿ ಅಥವಾ ಕಮೋಡ್ ಕುರ್ಚಿಯಲ್ಲಿ ಕೂರಿಸಿ. ವೈದ್ಯರು ಹೇಳಿದ ಸಪೋಸಿಟರಿಯನ್ನು, ಅಂದರೆ ಗುದದೊಳಗೆ ಇಡುವ ಗುಳಿಗೆಯನ್ನು, ಮಲದೊಳಗಲ್ಲ, ಕರುಳಿನ ಗೋಡೆಗೆ ತಾಗುವಂತೆ ಇಡಿ. ನಂತರ ಗ್ಲೌಸ್ ಹಾಕಿ, ಜೆಲ್ ಸವರಿದ ಬೆರಳನ್ನು ಒಳಗೆ 15–20 ಸೆಕೆಂಡ್ ಮೃದುವಾಗಿ ವೃತ್ತಾಕಾರದಲ್ಲಿ ಆಡಿಸಿದರೆ ಕರುಳು ಪ್ರತಿಕ್ರಿಯಿಸುತ್ತದೆ. 5–10 ನಿಮಿಷ ಬಿಟ್ಟು ಮತ್ತೆ ಮಾಡಬಹುದು. ಮೊದಲ ಸಲ ನರ್ಸ್ ಅಥವಾ ಪುನರ್ವಸತಿ ತಂಡದ ಮುಂದೆ ಕಲಿಯಿರಿ. ಉಗುರು ಚಿಕ್ಕದಾಗಿರಲಿ.

ರಾಗಿ, ಸೊಪ್ಪು, ಹಣ್ಣು ಒಳ್ಳೆಯದು, ಆದರೆ ನೀರು ಕಡಿಮೆಯಾದರೆ ಅದೇ ನಾರು ಮಲವನ್ನು ಗಟ್ಟಿಮಾಡುತ್ತದೆ. ಹಲವು ದಿನ ಮಲ ಹೋಗದೆ ಆಮೇಲೆ ತೆಳ್ಳಗೆ ಸೋರಲು ಶುರುವಾದರೆ ಭೇದಿ ಎಂದು ಮಾತ್ರೆ ಕೊಡಬೇಡಿ. ಒಳಗೆ ಗಟ್ಟಿ ಮಲ ಸಿಕ್ಕಿಕೊಂಡು ಅದರ ಪಕ್ಕದಿಂದ ಸೋರುತ್ತಿರಬಹುದು.

ಹಂತ 6: ಈ ತುರ್ತು ಸ್ಥಿತಿಯನ್ನು ಮನೆಯ ಎಲ್ಲರೂ ಕಲಿಯಲೇಬೇಕು

ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಹೆಸರು ಕಷ್ಟ, ಆದರೆ ನಡೆಯುವುದು ಇಷ್ಟು: ಗಾಯದ ಕೆಳಗೆ ಎಲ್ಲೋ ತೊಂದರೆಯಾಗಿದೆ, ಅದರ ಸುದ್ದಿ ಮಿದುಳಿಗೆ ತಲುಪುತ್ತಿಲ್ಲ, ದೇಹ ಗಾಬರಿಯಾಗಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ರಕ್ತದೊತ್ತಡ ದಿಢೀರನೆ ಏರುತ್ತದೆ. ಎದೆಯ ಆರನೆಯ ಬೆನ್ನುಮೂಳೆಯ ಮಟ್ಟ ಅಥವಾ ಅದಕ್ಕಿಂತ ಮೇಲೆ ಗಾಯವಾದವರಿಗೆ ಇದು ಬರಬಹುದು. ಕುತ್ತಿಗೆಯ ಗಾಯದವರೆಲ್ಲ ಇದರಲ್ಲಿ ಸೇರುತ್ತಾರೆ. ಸುಮ್ಮನೆ ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ಲಕ್ಷಣಗಳು: ಬಡಿಯುವಂಥ ತಲೆನೋವು, ಮುಖ ಕೆಂಪೇರುವುದು, ಗಾಯದ ಮೇಲ್ಭಾಗದಲ್ಲಿ ಮಾತ್ರ ಬೆವರು, ಮೂಗು ಕಟ್ಟುವುದು, ರೋಮಾಂಚನ, ನಿಧಾನವಾದ ನಾಡಿ. ಇವರ ಮಾಮೂಲಿ ರಕ್ತದೊತ್ತಡದ ಮೇಲಿನ ಅಂಕಿಯೇ 90ರಿಂದ 110ರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ 130 ಅಥವಾ 140 ಇದ್ದರೂ ಅದು ಇವರಿಗೆ ಅಪಾಯದ ಅಂಕಿ. ಮನೆಯಲ್ಲಿ ಬಿಪಿ ಯಂತ್ರ ಇಟ್ಟುಕೊಂಡು, ಆರೋಗ್ಯವಾಗಿರುವಾಗಿನ ಅಂಕಿಯನ್ನು ಬರೆದಿಡಿ.

ಮಾಡಬೇಕಾದ್ದು, ಇದೇ ಕ್ರಮದಲ್ಲಿ:

1. ತಕ್ಷಣ ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ. ತಲೆನೋವು ಎಂದು ಮಲಗಿಸಿದರೆ ಒತ್ತಡ ಇನ್ನೂ ಏರುತ್ತದೆ. ಎಲ್ಲರೂ ಮೊದಲು ಮಾಡುವುದು ಮಲಗಿಸುವುದನ್ನೇ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.
2. ಬೆಲ್ಟ್, ಹೊಟ್ಟೆಯ ಪಟ್ಟಿ, ಕಾಲುಚೀಲ, ಬೂಟು ಎಲ್ಲ ಸಡಿಲಿಸಿ.
3. ಮೂತ್ರ ನೋಡಿ. ಬಹುಪಾಲು ಕಾರಣ ಇಲ್ಲೇ ಇರುತ್ತದೆ. ಟ್ಯೂಬ್ ಮಡಚಿದೆಯೇ, ಚೀಲ ತುಂಬಿದೆಯೇ ನೋಡಿ. ಕಟ್ಟಿಕೊಂಡಿದ್ದರೆ ಕ್ಯಾಥೆಟರ್ ಬದಲಿಸಬೇಕು, ಇಲ್ಲದವರಿಗೆ ಹಾಕಿ ಖಾಲಿ ಮಾಡಬೇಕು. ಒಂದು ಹೊಸ ಕ್ಯಾಥೆಟರ್ ಮನೆಯಲ್ಲಿ ಯಾವಾಗಲೂ ಇರಲಿ.
4. ನಂತರ ಗುದ. ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿ ಹಾಕಿ ಕೆಲವು ನಿಮಿಷ ಕಾದು, ಆಮೇಲೆ ಮೃದುವಾಗಿ ಪರೀಕ್ಷಿಸಿ.
5. ಚರ್ಮ ನೋಡಿ: ಹುಣ್ಣು, ಸುಟ್ಟ ಗಾಯ, ಒಳಬೆಳೆದ ಉಗುರು, ಕೆಳಗೆ ಸಿಕ್ಕಿಕೊಂಡ ವಸ್ತು.
6. 2–5 ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಿರಿ. ಕಾರಣ ಸಿಗದಿದ್ದರೆ ಅಥವಾ 150 ದಾಟಿದರೆ 108ಕ್ಕೆ ಕರೆ ಮಾಡಿ. ಬಿಪಿ ಇಳಿಸುವ ಗುಳಿಗೆಯನ್ನು ನಿಮ್ಮ ವೈದ್ಯರು ಇದಕ್ಕೆಂದೇ ಬರೆದುಕೊಟ್ಟಿದ್ದರೆ ಮಾತ್ರ ಕೊಡಿ.

ತುರ್ತು ಚಿಕಿತ್ಸಾ ವಿಭಾಗದ ಎಲ್ಲರಿಗೂ ಈ ಸ್ಥಿತಿ ಪರಿಚಿತವಾಗಿರುವುದಿಲ್ಲ. ಒಂದು ಕಾರ್ಡಿನಲ್ಲಿ ಗಾಯದ ಮಟ್ಟ, ಮಾಮೂಲಿ ಬಿಪಿ, ಈ ಕಾಯಿಲೆಯ ಹೆಸರು, "ಮಲಗಿಸಬೇಡಿ, ಮೂತ್ರಕೋಶ ಮೊದಲು ನೋಡಿ" ಎಂಬ ಸೂಚನೆಯನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದು, ಪ್ಲಾಸ್ಟಿಕ್ ಹಾಕಿಸಿ ಕುರ್ಚಿಗೆ ಕಟ್ಟಿಡಿ.

ಹಂತ 7: ಕೂರಿಸುವುದು, ಎತ್ತುವುದು, ಉಸಿರು, ಬಿಸಿಲು

ಬಹಳ ದಿನ ಮಲಗಿದ್ದವರನ್ನು ಒಮ್ಮೆಲೇ ಕೂರಿಸಿದರೆ ಬಿಪಿ ಕುಸಿದು ಕಣ್ಣು ಕತ್ತಲಾಗುತ್ತದೆ. ಹೊಟ್ಟೆಗೆ ಪಟ್ಟಿ ಕಟ್ಟಿ, ತಲೆಭಾಗವನ್ನು ಹಂತಹಂತವಾಗಿ ಎತ್ತಿ. ಕುರ್ಚಿಯಲ್ಲಿ ತಲೆಸುತ್ತು ಬಂದರೆ ಕುರ್ಚಿಯನ್ನೇ ಹಿಂದಕ್ಕೆ ವಾಲಿಸಿ. ತಲೆಸುತ್ತಿಗೆ ವಾಲಿಸುವುದು, ತಲೆನೋವಿಗೆ ನೆಟ್ಟಗೆ ಕೂರಿಸುವುದು, ಇವೆರಡನ್ನು ಅದಲುಬದಲು ಮಾಡಬೇಡಿ. ಎತ್ತುವಾಗ ಕಂಕುಳಿಗೆ ಕೈಹಾಕಿ ಜಗ್ಗಬೇಡಿ, ಸ್ನಾಯುಬಲವಿಲ್ಲದ ಭುಜದ ಕೀಲು ಜಾರುತ್ತದೆ. ಇಬ್ಬರು ಎತ್ತಿ, ಇಲ್ಲವೇ ಮಂಚಕ್ಕೂ ಕುರ್ಚಿಗೂ ನಡುವೆ ಇಟ್ಟು ಸರಿಸುವ ಜಾರುಹಲಗೆ ಬಳಸಿ.

ಕೆಮ್ಮಲು ಬೇಕಾದ ಹೊಟ್ಟೆಯ ಸ್ನಾಯುಗಳು ಇವರಲ್ಲಿ ಕೆಲಸ ಮಾಡುವುದಿಲ್ಲ. ಹೊಕ್ಕುಳ ಮತ್ತು ಪಕ್ಕೆಲುಬಿನ ನಡುವೆ ಅಂಗೈ ಇಟ್ಟು, ಅವರು ಕೆಮ್ಮುವ ಕ್ಷಣಕ್ಕೆ ಸರಿಯಾಗಿ ಒಳಕ್ಕೆ ಮತ್ತು ಮೇಲಕ್ಕೆ ಒತ್ತುವುದನ್ನು ಫಿಸಿಯೋಥೆರಪಿಸ್ಟ್‌ರಿಂದ ಕಲಿತುಕೊಳ್ಳಿ. ನೆಗಡಿಯನ್ನು ಹಗುರವಾಗಿ ಕಾಣಬೇಡಿ.

ಗಾಯದ ಕೆಳಗೆ ಬೆವರುವುದಿಲ್ಲ, ಆದ್ದರಿಂದ ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಇವರ ಮೈ ಸೋಂಕಿಲ್ಲದೆಯೂ ಜ್ವರ ಬಂದಂತೆ ಕಾಯುತ್ತದೆ. ಮೈಮೇಲೆ ನೀರು ಚಿಮುಕಿಸಿ ಫ್ಯಾನ್ ಹಾಕಿ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ.

ಕಾಲು ತಾನಾಗಿ ಸೆಟೆದು ನಡುಗುವುದನ್ನು ಕಂಡು "ಶಕ್ತಿ ಬರುತ್ತಿದೆ" ಎಂದು ಮನೆಯವರು ಸಂತೋಷಪಡುತ್ತಾರೆ. ಹೇಳಲು ನನಗೂ ಕಷ್ಟವಾಗುತ್ತದೆ, ಆದರೆ ಅದು ಸ್ಪಾಸಂ, ಬೆನ್ನುಹುರಿಯ ಪ್ರತಿಕ್ರಿಯೆ ಮಾತ್ರ. ಬೇಕೆಂದಾಗ ಬೇಕಾದ ಬೆರಳು ಅಲುಗಿದರೆ ಅದು ಚೇತರಿಕೆ. ಇನ್ನು, ಒಂದೇ ಕಾಲು ಊದಿ ಬಿಸಿಯಾದರೆ ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 8: ಕೈಗಳನ್ನು ಉಳಿಸಿಕೊಳ್ಳಿ

ನಿಮ್ಮ ಕೈಯನ್ನು ಸಡಿಲ ಬಿಟ್ಟು ಮಣಿಕಟ್ಟನ್ನು ಮೇಲಕ್ಕೆತ್ತಿ ನೋಡಿ: ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಬಂದು ಒತ್ತುತ್ತದೆ. ಸಿ6 ಉಳಿದವರು ಬೆರಳಿನಲ್ಲಿ ಬಲವಿಲ್ಲದೆಯೂ ಇದೇ ಹಿಡಿತದಿಂದ ಲೋಟ, ಹಾಳೆ, ಮೊಬೈಲ್ ಹಿಡಿಯಬಲ್ಲರು. ಆದರೆ ಇದಕ್ಕೆ ಬೆರಳಿನ ಸ್ನಾಯುರಜ್ಜು ಸ್ವಲ್ಪ ಬಿಗಿಯಾಗಿಯೇ ಉಳಿಯಬೇಕು. ದಿನಾ ಸಂಜೆ ಪ್ರೀತಿಯಿಂದ ಕೂತು, ಮಣಿಕಟ್ಟು ಮತ್ತು ಬೆರಳುಗಳನ್ನು ಒಟ್ಟಿಗೆ ಹಿಂದಕ್ಕೆ ಎಳೆದು ನೇರ ಮಾಡುವ ಮನೆಯವರು ಆ ಹಿಡಿತವನ್ನೇ ಕಳೆದುಬಿಡುತ್ತಾರೆ. ನಿಯಮ ಇದು: ಬೆರಳು ಬಿಡಿಸುವಾಗ ಮಣಿಕಟ್ಟು ಕೆಳಗೆ ಬಾಗಿರಲಿ, ಮಣಿಕಟ್ಟು ಎತ್ತುವಾಗ ಬೆರಳು ಮಡಚಿರಲಿ.

ಹಿಡಿತ ಇಲ್ಲದವರಿಗೆ ಅಂಗೈಗೆ ಸುತ್ತುವ ವೆಲ್ಕ್ರೋ ಪಟ್ಟಿಯಲ್ಲಿ ಒಂದು ಜೇಬು ಹೊಲಿಸಿ. ಅದರಲ್ಲಿ ಚಮಚ, ಬ್ರಷ್, ಪೆನ್ನು, ಮೊಬೈಲ್ ಒತ್ತುವ ಕಡ್ಡಿ ಯಾವುದನ್ನೂ ಸಿಕ್ಕಿಸಬಹುದು. ಊರಿನ ಚಪ್ಪಲಿ ಹೊಲಿಯುವವರೇ ಇದನ್ನು ಚೆನ್ನಾಗಿ ಮಾಡಿಕೊಡುತ್ತಾರೆ. ಅಂಚಿರುವ ತಟ್ಟೆಯನ್ನು ಒದ್ದೆ ಬಟ್ಟೆಯ ಮೇಲಿಟ್ಟರೆ ಜಾರುವುದಿಲ್ಲ. ಅನ್ನ ಅರ್ಧ ಚೆಲ್ಲಿದರೂ ಚಮಚ ಕಿತ್ತುಕೊಳ್ಳಬೇಡಿ. ಮೊಬೈಲ್ ಕೀಬೋರ್ಡಿನ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗುತ್ತದೆ. ಲೆಕ್ಕಪತ್ರ, ತೋಟದ ಕೂಲಿಯವರೊಂದಿಗೆ ಮಾತುಕತೆ, ಮಕ್ಕಳ ಪಾಠ, ಇಂಥ ಒಂದು ಜವಾಬ್ದಾರಿ ಅವರ ಪಾಲಿಗೆ ಬರಲಿ. ತಿಂಗಳುಗಟ್ಟಲೆ ಮಾತು ಕಡಿಮೆಯಾಗಿದ್ದರೆ, ಬದುಕು ಬೇಡ ಎನ್ನುತ್ತಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಹಗಲಿರುಳು ನೋಡಿಕೊಂಡು ದಣಿದ ನಿಮಗೂ ಅದು ತೆರೆದಿದೆ.

ಹಂತ 9: ಕಾಗದಪತ್ರ

ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ಸವಲತ್ತುಗಳಿಗೆ ಶೇಕಡಾ 40 ಎಂಬ ಮಿತಿ ಇದೆ, ಇವರು ಅದನ್ನು ಸುಲಭವಾಗಿ ದಾಟುತ್ತಾರೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ನೆರವಾಗುತ್ತಾರೆ, ಮಾಸಾಶನದ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇರುವವರಿಗೆ 75,000 ರೂಪಾಯಿ, ವೈಕಲ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ತೆರಿಗೆಯ ಲೆಕ್ಕಕ್ಕೆ ಬರುವ ಆದಾಯದಿಂದ ಕಡಿತವಾಗುತ್ತದೆ. ಪುನರ್ವಸತಿ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗ, ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ, ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಇವೆ.

ಬ್ಯಾಂಕಿನಲ್ಲಿ "ಸಹಿ ಮಾಡಲು ಆಗದಿದ್ದರೆ ಹಣ ಕೊಡಲು ಬರುವುದಿಲ್ಲ" ಎಂದರೆ ಒಪ್ಪಿಕೊಂಡು ಹಿಂದಿರುಗಬೇಡಿ. ಹೆಬ್ಬೆಟ್ಟು ಅಥವಾ ಕಾಲಿನ ಹೆಬ್ಬೆರಳ ಗುರುತು, ಅದೂ ಆಗದಿದ್ದರೆ ಒಂದು ಚಿಹ್ನೆ, ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಅಂಗವಿಕಲರಿಗೆ ಮನೆಬಾಗಿಲಿಗೆ ಬಂದು ಸೇವೆ ಕೊಡಬೇಕೆಂದು 2017ರಲ್ಲಿ ರಿಸರ್ವ್ ಬ್ಯಾಂಕೇ ಎಲ್ಲ ಬ್ಯಾಂಕುಗಳಿಗೆ ನಿರ್ದೇಶಿಸಿದೆ. ಆಧಾರ್‌ಗೆ ಮಡಚಿದ ಬೆರಳಿನ ಗುರುತು ಹಿಡಿಯದಿದ್ದರೆ ಕಣ್ಣಿನ ಪಾಪೆಯ ಗುರುತು ಕೊಡಬಹುದು. ಶಾಖೆಗೆ ಬರೆಯುವ ಕೋರಿಕೆ ಪತ್ರವನ್ನು ಖಾತೆದಾರರ ಹೆಸರಿನಲ್ಲಿ, ಅವರು ಹೇಳಿದಂತೆಯೇ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.